ಇಬ್ಬರು ಆಡುವ ಆಟ

"ಅದನ್ನ ಆಗಲೇ ಆಡಿ ಮುಗಿಸಿಬಿಟ್ಟೆನಲ್ಲಮ್ಮ," ಎಂದಳು ಟೆಸ್ಸಾ, ಟಿವಿಯ ಮುಂದೆ ಕಾರ್ಪೆಟ್ ಮೇಲೆ ಕಾಲು ಚಾಚುತ್ತ.

ಪಾಪ್‌ಕಾರ್ನ್ ಬಟ್ಟಲು ಹಿಡಿದು ಬಂದ ಲೋರ್ನಾ ಬಾಗಿಲಲ್ಲೇ ನಿಂತಳು. ಟೊಲೆಡೋ ನಗರದಲ್ಲಿ ಎರಡೆರಡು ಕಡೆ ದುಡಿಯುವ ಅವಳು ಈ ಶನಿವಾರವನ್ನು ಬಿಡಿಸಿಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ವೃದ್ಧಾಶ್ರಮದ ಪಾಳಿಯನ್ನು ಇನ್ನೊಬ್ಬಳಿಗೆ ಒಪ್ಪಿಸಿ, ಬೇಕರಿಗೆ ಮೈ ಸರಿಯಿಲ್ಲವೆಂದು ಸುಳ್ಳು ಹೇಳಿ, ವಾರಾಂತ್ಯಕ್ಕೆ ಮಗಳನ್ನು ಕರೆದೊಯ್ಯಬೇಕಿದ್ದ ಮಾಜಿ ಗಂಡ ಕರ್ಟ್‌ನನ್ನೂ ಬೇಡಿಕೊಂಡಿದ್ದಳು. ಒಬ್ಬರೇ ಆಡಲಾಗದ ವಿಡಿಯೋ ಗೇಮ್ ಅದು. ಮಗಳ ಹುಟ್ಟುಹಬ್ಬಕ್ಕೆ ಅವಳೇ ತಂದುಕೊಟ್ಟಿದ್ದಳು. ಒಂದು ಸಂಜೆ ಇಬ್ಬರೂ ಕೂತು ಆಡಿದ್ದರು. ಆಮೇಲೆ ಮಗಳು ಕೇಳಿದಾಗಲೆಲ್ಲ ಲೋರ್ನಾಳ ಉತ್ತರ, ಮುಂದಿನ ವಾರ.

"ಯಾರ ಜೊತೆ ಆಡಿದೆ?"

"ಡೆನೀಸ್ ಜೊತೆ. ಅಪ್ಪನ ಮನೇಲಿ."

ಡೆನೀಸ್ ಕರ್ಟ್‌ನ ಹೊಸ ಹೆಂಡತಿ. "ಅವಳಿಗೆ ಇದೆಲ್ಲ ಬರುತ್ತಾ?" ಎಂದಳು ಲೋರ್ನಾ.

"ಏನೂ ಬರ್ತಿರ್ಲಿಲ್ಲ. ಬರೀ ಬೀಳೋದೇ. ಆದ್ರೂ ಬಂದು ಕೂತ್ಕೋತಿದ್ಲು."

"ನಂಗೆ ಪುರುಸೊತ್ತೇ ಇರಲಿಲ್ಲ ಕಣೇ. ನಿಂಗೇ ಗೊತ್ತಲ್ಲ."

"ಗೊತ್ತು." ಟೆಸ್ಸಾಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಫೋನಲ್ಲಿ ಆ ಹಣ್ಣು ಜೋಡಿಸೋ ಆಟ ಆಡ್ತೀಯಲ್ಲ, ಒಲೆ ಮುಂದೆ ನಿಂತ್ಕೊಂಡು, ಕಾರಲ್ಲಿ ಕೂತ್ಕೊಂಡು. ಅದಕ್ಕೆ ಹೇಗೆ ಪುರುಸೊತ್ತು ಸಿಗುತ್ತೆ?"

"ಅದು ಎರಡು ನಿಮಿಷದ್ದು. ಯಾವಾಗ ಬೇಕಾದ್ರೂ ಬಿಟ್ಟು ಏಳಬಹುದು. ಆ ಕಡೆ ಯಾರೂ ಕಾಯ್ತಾ ಇರಲ್ಲ."

ಹೇಳಿದ ಮೇಲೆ ಲೋರ್ನಾ ನಾಲಿಗೆ ಕಚ್ಚಿಕೊಂಡಳು. ಟೆಸ್ಸಾ ಅವಳನ್ನು ಒಮ್ಮೆ ನೋಡಿ, ಪಕ್ಕದ ದಿಂಬನ್ನು ತಟ್ಟಿದಳು. "ಬಾ, ಮೊದಲಿಂದ ಶುರು ಮಾಡೋಣ. ನಂಗೇನೂ ಬೇಜಾರಿಲ್ಲ."

ಆಟ ಶುರುವಾಯಿತು. ಯಾವ ಕಲ್ಲು ಜಾರುತ್ತದೆ, ಯಾವ ಬಾಗಿಲು ಸುಳ್ಳು ಎಂಬುದೆಲ್ಲ ಟೆಸ್ಸಾಗೆ ಗೊತ್ತಿತ್ತು. ತೆರೆಯ ಮೇಲೆ ಅವಳ ಗೊಂಬೆ ಮುಂದೆ ಮುಂದೆ ಹೋಗಿ ನಿಂತು ಕಾಯುತ್ತಿತ್ತು.

"ಎಡಕ್ಕೆ, ಅಮ್ಮ. ಈಗ ಹಾರು. ಪರವಾಗಿಲ್ಲ, ಇನ್ನೊಂದ್ಸಲ. ಹಾಂ, ಈಗ ಸರಿಯಾಯ್ತು ನೋಡು."

ಲೋರ್ನಾಗೆ ಆ ದನಿಯ ಪರಿಚಯವಿತ್ತು. ಆಶ್ರಮದ ಮುದುಕರಿಗೆ ಸೂಪು ಕುಡಿಸುವಾಗ ಅವಳ ಬಾಯಿಂದ ಹೊರಡುವ ದನಿ ಅದು. ಗೋಡೆ ಗಡಿಯಾರದ ಮೇಲೆ ಕಣ್ಣುಹಾಯಿಸುವಾಗಲೂ ಕೆಡದ ದನಿ.

ಟೆಸ್ಸಾಳ ಫೋನು ಮಿಣುಕಿತು. ಅವಳು ಅದನ್ನು ಓದಿ, ತನ್ನಷ್ಟಕ್ಕೆ ನಕ್ಕು, ಉತ್ತರ ಬರೆಯತೊಡಗಿದಳು.

"ನೀನು ನಿಧಾನಕ್ಕೆ ಬಾ," ಎಂದಳು ತಲೆ ಎತ್ತದೆ.

ಲೋರ್ನಾ ಗುಂಡಿ ಒತ್ತಿದಳು. ಅವಳ ಗೊಂಬೆ ಸೇತುವೆಯ ಅಂಚಿನಿಂದ ಹಾರಿ ಕೆಳಗೆ ಹೊಳೆಗೆ ಬಿತ್ತು. ಕೆಲವು ಗುಳ್ಳೆಗಳೆದ್ದವು, ಆಮೇಲೆ ನೀರು ಮೊದಲಿನಂತೆ ಹರಿಯಿತು.