ಸಜ್ದಾದಲ್ಲಿ ಬಿದ್ದ ಹನಿ

ಇದು ನೆಗಡಿಯಲ್ಲ. ಬಚ್ಚಲಲ್ಲಿ ಮುಖ ತೊಳೆಯುತ್ತಾ ಆಸ್ಮಾ ಮನಸ್ಸಿನಲ್ಲೇ ಒಪ್ಪಿಕೊಂಡಳು. ನೆಗಡಿಯಾದರೆ ಕೈಗೆ ಅಂಟುತ್ತದೆ. ಇದು ಎಡ ಹೊಳ್ಳೆಯಿಂದ ಮಾತ್ರ, ಬಗ್ಗಿದಾಗಲೆಲ್ಲ, ತಿಳಿನೀರಿನ ಹಾಗೆ. ಗಂಟಲಿಗಿಳಿದರೆ ಉಪ್ಪುಪ್ಪು.

ಸೈನಸ್ ಆಪರೇಷನ್ ಮಾಡಿದ ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದ್ದರು: "ಅಪರೂಪಕ್ಕೆ ಮಿದುಳಿನ ಸುತ್ತ ಇರೋ ನೀರು ಮೂಗಿಗೆ ಸೋರುತ್ತಮ್ಮ. ಹಾಗೇನಾದ್ರೂ ಆದ್ರೆ ಕಾಯ್ಬೇಡಿ, ಬಂದ್ಬಿಡಿ. ಸೋಂಕು ಮೇಲಕ್ಕೇರಿದ್ರೆ ಜೀವಕ್ಕೇ ಅಪಾಯ. ಸದ್ಯಕ್ಕೆ ತಲೆ ಬಗ್ಗಿಸ್ಬೇಡಿ."

ಆದರೆ ಶಿಡ್ಲಘಟ್ಟದ ಅವರ ಓಣಿಗೆ ಆಪರೇಷನ್ನಿನ ಸುದ್ದಿಯೇ ಗೊತ್ತಿರಲಿಲ್ಲ. ಮಗಳು ನೆಂಟರ ಮದುವೆಗೆ ಹೋಗಿದ್ದಳೆಂದು ಅಮ್ಮಿ ಮೆಹಬೂಬ್ ಬೀ ಎಲ್ಲರಿಗೂ ಹೇಳಿದ್ದಳು. ಚಿಂತಾಮಣಿಯ ಸಂಬಂಧವೊಂದು ಮಾತಿನಲ್ಲಿತ್ತು.

"ಕುರ್ಚಿ ಮೇಲೆ ಕೂತು ನಮಾಜ್ ಮಾಡ್ಲಾ ಅಮ್ಮಿ?"

"ಮುದುಕಿ ಥರಾನಾ? ನೋಡ್ದೋರು ಏನಾಯ್ತು ಅಂತ ಕೇಳಲ್ವಾ? ಮೂಗಿಗೆ ಕತ್ತಿ ಹಾಕಿಸ್ಕೊಂಡ ಹುಡುಗೀನ ಯಾರೇ ಮಾಡ್ಕೋತಾರೆ?" ಅಮ್ಮಿಯ ದನಿ ಇಳಿಯಿತು. "ಫಿಟ್ಸ್ ಅಂತ ಇಲ್ಲದ ಮಾತು ಹಬ್ಬಿಸಿ ನಿಮ್ಮ ಖಾಲಾನ, ನನ್ನ ಒಡಹುಟ್ಟಿದೋಳ್ನ, ಮದುವೆ ಇಲ್ದೆ ಮೂಲೇಲಿ ಕೂರಿಸಿದ್ರು. ನಾನು ಕಣ್ಣಾರೆ ಕಂಡಿದೀನಿ. ನಿಕಾ ಆಗೋವರೆಗೂ ತಡ್ಕೋ ಕಣಮ್ಮ. ನೆಗಡಿ ಅಷ್ಟೇ."

ಡಿಗ್ರಿ ಮುಗಿಸಿದ್ದರೂ ಆಸ್ಮಾ ಅಮ್ಮಿಗೆ ಎಂದೂ ಎದುರಾಡಿದವಳಲ್ಲ.

ಮರುದಿನ ಚಿಂತಾಮಣಿಯಿಂದ ಹುಡುಗ ವಾಸಿಫ್‌ನ ತಾಯಿ ಬಂದರು. ಚಹಾ, ಬಿಸ್ಕತ್ತು, ರೇಷ್ಮೆಗೂಡಿನ ರೇಟು, ಎಲ್ಲ ಮಾತೂ ಆಯಿತು. ಸಂಜೆಯ ಅಸರ್ ನಮಾಜಿಗೆ ಆಸ್ಮಾಳ ಪಕ್ಕದಲ್ಲೇ ನಿಂತರು. ಸಜ್ದಾದಲ್ಲಿ ಹಣೆ ನೆಲ ಮುಟ್ಟಿದೊಡನೆ ಅವಳಿಗೆ ತಲೆಯಿಂದ ಕತ್ತಿನವರೆಗೆ ನೋವು ಎಳೆಯಿತು. ನಮಾಜಿನ ಚಾಪೆಯ ಮೇಲೆ ತೊಟತೊಟ ಹನಿಗಳು ಬಿದ್ದವು.

ನಮಾಜು ಮುಗಿಯಿತು. ಒದ್ದೆಯಾದ ಜಾಗ ನೋಡಿ ವಾಸಿಫ್‌ನ ತಾಯಿಯ ಕಣ್ಣೂ ತುಂಬಿತು.

"ನೋಡಿದ್ರಾ ಆಪಾ? ಈಗಿನ ಹುಡುಗೀರಿಗೆ ನಮಾಜಲ್ಲೂ ಫೋನಿಂದೇ ಧ್ಯಾನ. ನಿಮ್ಮ ಮಗಳು ಅಲ್ಲಾಹನ ಮುಂದೆ ಅಳ್ತಾಳೆ! ನಾನಿನ್ನೇನೂ ನೋಡ್ಬೇಕಾಗಿಲ್ಲ. ನಮ್ಮನೆಗೆ ಇವಳೇ."

ಅಮ್ಮಿಯ ಮುಖ ಅರಳಿತು. ಮಗಳ ಕಡೆ ತಿರುಗಿ, ಬಾಯಿ ಬಿಡಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ಬಾಯಿ ಬಿಡದಿದ್ದರೆ ಸಂಬಂಧ ಕುದುರಿದಂತೆಯೇ. ಆ ಮನೆಯಲ್ಲೂ ದಿನಕ್ಕೈದು ಸಲ ಹೀಗೇ ಬಗ್ಗಬೇಕು, ಅತ್ತವಳೆಂದು ಹೊಗಳಿಸಿಕೊಳ್ಳಬೇಕು, ಅಷ್ಟು ದಿನ ಬದುಕಿದ್ದರೆ.

ಆಸ್ಮಾ ಗೋಡೆ ಹಿಡಿದು ಎದ್ದಳು.

"ನಾನು ಅಳ್ಲಿಲ್ಲ ಆಂಟಿ. ಮೂಗಿನ ಆಪರೇಷನ್ ಆಗಿದೆ ನನಗೆ. ಅಲ್ಲಿಂದ ಸೋರ್ತಿರೋ ನೀರು ಇದು."