ಅಣ್ಣನನ್ನು ಮೀರದ ನಡಿಗೆ

ಸ್ಫಾಕ್ಸ್ ನಗರದ ನಮ್ಮ ವೃದ್ಧಾಪ್ಯ ಸಂಶೋಧನಾ ಕೇಂದ್ರದ ಪಡಸಾಲೆಯಲ್ಲಿ, "ಹೀಗೆ ನಡೀಬೇಕು ನೋಡಿ, ಸಹಜವಾಗಿ" ಎಂದು ಹಿರಿಯರಿಗೆಲ್ಲ ವೈದ್ಯನ ಗತ್ತಿನಿಂದ ನಡೆದು ತೋರಿಸುತ್ತಿದ್ದಾಗ ನನ್ನ ಎಡಗಾಲಿನ ಬೂಟಿನ ಅಟ್ಟೆ ಕಿತ್ತು ಬಾಯಿ ಬಿಟ್ಟಿತು. ಉಳಿದ ದೂರವನ್ನು ನಾನು, ದಡಕ್ಕೆ ಬಿದ್ದ ಮೀನು ಬಡಿದುಕೊಳ್ಳುವಂಥ ಸದ್ದಿನೊಡನೆ, ಕಾಲೆಳೆಯುತ್ತ ಕ್ರಮಿಸಿದೆ. ಅವರ ನಗು ಮುಗಿಯುವ ಮೊದಲೇ, ಗೋಡೆಗೊರಗಿ ಸ್ಟಾಪ್‌ವಾಚ್ ಹಿಡಿದಿದ್ದ ದಲೆಂದಾ ಗರ್ಗೂರಿ ನನ್ನ ವೇಗವನ್ನೂ ಕಂಪ್ಯೂಟರಿಗೆ ಸೇರಿಸಿಯಾಗಿತ್ತು.

"ಅದನ್ನ ತೆಗೆದುಬಿಡಿ, ಲಲ್ಲಾ" ಎಂದು, ಹೆಂಗಸರನ್ನು ಗೌರವದಿಂದ ಕರೆಯುವ ನಮ್ಮೂರ ಮಾತಿನಲ್ಲೇ, ಬೇಡಿಕೊಂಡೆ.

"ಹಾಗೆಲ್ಲ ತೆಗೆಯೋಕಾಗಲ್ಲ ಡಾಕ್ಟ್ರೇ. ಬೂಟು ಕಿತ್ತಿತ್ತು ಅಂತ ಪಕ್ಕದಲ್ಲಿ ಬರೀತೀನಿ. ಅಂದಹಾಗೆ, ಎಂಬತ್ತು ದಾಟಿದವರಲ್ಲಿ ಸೇರಿಸಿದ್ರೆ ನೀವು ಪರವಾಗಿಲ್ಲ."

ನಾವು ವೈದ್ಯರು ಮುದುಕರ ನಾಡಿ ಹಿಡಿದು ಕಲೆಹಾಕಿದ ಅಂಕಿಗಳಿಂದ ಸತ್ಯವನ್ನು ಸೋಸಿ ತೆಗೆಯುವ ಸಂಖ್ಯಾಶಾಸ್ತ್ರಜ್ಞೆ ಆಕೆ. ಕಂಪ್ಯೂಟರುಗಳಿಗಾಗಿ ಸದಾ ತಣ್ಣಗಿಟ್ಟ ಕೋಣೆಯಲ್ಲಿ, ಆಗಸ್ಟಿನ ಬಿಸಿಲಲ್ಲೂ, ತಂದೆಯ ಕಂದು ಉಣ್ಣೆಯ ಕೋಟು ತೊಟ್ಟು, ಅದರ ಜೇಬಿನಿಂದ ಹುರಿಗಡಲೆ ಮೆಲ್ಲುತ್ತ ಕೂರುವ ಆ ಕೃಶಾಂಗಿಯ ಬಾಯಿಂದ ಹೊರಡುವ ಮೊದಲ ಮಾತು ಯಾವಾಗಲೂ ಒಂದೇ: "ಎಷ್ಟು ಜನರಲ್ಲಿ?" ತನ್ನ ತಂಗಿಯ ಮದುವೆಯಲ್ಲಿ ಅಡುಗೆಯಾಕೆ, ತಾನು ಬೇಯಿಸಿದ ರವೆಯ ಕುಸ್‌ಕುಸನ್ನು ಎಲ್ಲರೂ ಹೊಗಳಿದರೆಂದು ಹಿಗ್ಗಿದಾಗಲೂ ಇದನ್ನೇ ಕೇಳಿ, ಅಂದಿನಿಂದ ತಮ್ಮ ಮನೆತನದ ಮೇಜಿನಲ್ಲಿ ಯಾರಿಗೂ ಬೇಡದ ಮೀನಿನ ಬಾಲದ ಭಾಗಕ್ಕೆ ಶಾಶ್ವತ ಹಕ್ಕುದಾರಳಾದವಳು.

ಆ ವರ್ಷ ನಮ್ಮ ಹಿಗ್ಗಿಗೂ ಮಿತಿಯಿರಲಿಲ್ಲ. ಬಂದರಿನ ಬದಿಯಲ್ಲಿ ನಾವು ನಡೆಸುವ ವ್ಯಾಯಾಮಶಾಲೆಗೆ ಬರುವ ಹಿರಿಯರ ನಡಿಗೆ, ಮನೆಯಲ್ಲೇ ಕುಳಿತ ಹಿರಿಯರ ನಡಿಗೆಗಿಂತ ಬೆರಗಾಗುವಷ್ಟು ಚುರುಕಾಗಿತ್ತು. ವೃದ್ಧಾಪ್ಯದ ಕಾಲಿಗೆ ಎಣ್ಣೆ ಹಾಕಿದೆವೆಂದೇ ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ಮಸ್ಮೂದಿ ನಂಬಿದ್ದರು. ಮುಂದಿನ ವಾರ ರಾಜಧಾನಿಯಿಂದ ಬರುವ ಅನುದಾನದ ಅಧಿಕಾರಿಣಿ ಒಪ್ಪಿದರೆ ವ್ಯಾಯಾಮಶಾಲೆ ಉಳಿಯುತ್ತಿತ್ತು. ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಪ್ರೊಫೆಸರರ ಚಹಾದ ಹೊತ್ತಿಗೆ ಬಂದು ನಿಂತ ದಲೆಂದಾ ಕೋಟಿನ ಗುಂಡಿ ಹಾಕಿಕೊಂಡರು. ಅದು ಅಪಶಕುನವೆಂದು ನಮಗೆಲ್ಲ ಗೊತ್ತಿತ್ತು.

"ಮನೇಲಿರೋರ ಅಂಕಿಗಳು ಜೋಡಿಜೋಡಿಯಾಗಿವೆ ಸರ್. ಒಬ್ಬರದ್ದು ಎಷ್ಟೋ, ಪಕ್ಕದವರದ್ದೂ ಅಷ್ಟೇ. ಮುದುಕರು ಅವಳಿಜವಳಿಯಾಗಿ ಹುಟ್ಟಿದ್ದಾರಾ?"

ಪ್ರೊಫೆಸರರ ಚಹಾದಲ್ಲಿ ತೇಲುತ್ತಿದ್ದ ಬಾದಾಮಿ ತಳಕ್ಕಿಳಿಯಿತು.

ದಲೆಂದಾ ಪಡಸಾಲೆಗೆ ಕರೆಸಿದ್ದು ಅಂಥ ಒಂದು ಜೋಡಿ ಅಣ್ಣತಮ್ಮಂದಿರನ್ನು: ಹಜ್ ಯಾತ್ರೆ ಮುಗಿಸಿದ ನಿವೃತ್ತ ಶಾಲಾ ಮೇಷ್ಟ್ರು ಹಾಜ್ ತಿಜಾನಿ, ಮತ್ತು ದೋಣಿ ಕಟ್ಟುತ್ತಿದ್ದ, ಊರೆಲ್ಲ ಗೌರವದಿಂದ 'ಸಿ' ಸೇರಿಸಿ ಕರೆಯುವ ತಮ್ಮ ಸಿ ಮಬ್ರೂಕ್. ವ್ಯಾಯಾಮದವರನ್ನು ನಾವು ತರಗತಿ ಮುಗಿದಂತೆ ಒಬ್ಬೊಬ್ಬರನ್ನಾಗಿ ನಡೆಸುತ್ತಿದ್ದೆವು. ಮನೆಯಲ್ಲೇ ಕುಳಿತವರು ಅಣ್ಣತಮ್ಮ, ನೆರೆಹೊರೆ ಎಂದು ಕೂಡಿಯೇ ಬರುತ್ತಿದ್ದುದರಿಂದ, ಪಡಸಾಲೆಯೂ ಅಗಲವಿದ್ದುದರಿಂದ, ಇಬ್ಬಿಬ್ಬರನ್ನು ಒಟ್ಟಿಗೇ. ಅಣ್ಣತಮ್ಮ ಇಬ್ಬರೂ ಭುಜಕ್ಕೆ ಭುಜ ತಾಗಿಸಿ, ಶವಯಾತ್ರೆಯ ಗಾಂಭೀರ್ಯದಿಂದ ನಡೆದು ಮುಗಿಸಿದರು.

"ಈಗ ಸಿ ಮಬ್ರೂಕ್ ಒಬ್ಬರೇ."

"ಅಣ್ಣ ಇಲ್ಲೇ ನಿಂತಿರುವಾಗ ಅವನನ್ನ ಬಿಟ್ಟು ಮುಂದೆ ನಡೀಲಾ? ಚೆನ್ನಾಗಿ ಹೇಳ್ತೀಯ ಮಗಳೇ."

ಕಾಫಿಯ ನೆಪದಲ್ಲಿ ಹಾಜ್ ತಿಜಾನಿಯವರನ್ನು ಹೊರಗೆ ಕಳಿಸಲಾಯಿತು. ಮರುಕ್ಷಣ ಸಿ ಮಬ್ರೂಕ್, ಹೊರಟುಹೋಗುತ್ತಿರುವ ಬಸ್ಸನ್ನು ಕಂಡವರಂತೆ, ನನ್ನ ಹೊಟ್ಟೆಯನ್ನು ಸವರಿಕೊಂಡೇ ದಾಟಿಹೋದರು. ನನ್ನ ಬಾಯಿ ಆ ಬೂಟಿನಂತೆಯೇ ತೆರೆದುಕೊಂಡಿತು.

ಬಾಗಿಲಲ್ಲಿ ಹಾಜ್ ತಿಜಾನಿ ನಿಂತಿದ್ದರು, ಕೈಯಲ್ಲಿ ಕಾಫಿ.

"ಏನೋ ಇದು? ಮಂಡಿ ನೋವು ಅಂತಿದ್ಯಲ್ಲ?"

"ನಾನೆಲ್ಲಿ ಅಂದೆ ಅಣ್ಣಾ? ನಿನಗೆ ಉಸಿರು ಕಟ್ಟುತ್ತೇನೋ ಅಂತ ನಾನೇ ಮೆಲ್ಲಗೆ ನಡೀತಿದ್ದೆ."

"ನನಗಾ? ಕತ್ತೆ, ನಿನ್ನ ಮಂಡಿಗೋಸ್ಕರ ನಾನು ಮೆಲ್ಲಗೆ ನಡೀತಿದ್ದೆ ಕಣೋ."

ಮಸೀದಿಗೆ, ಮೀನು ಮಾರುಕಟ್ಟೆಗೆ, ತಮ್ಮವರ ಮಣ್ಣಿಗೆ, ಎಷ್ಟು ಕಾಲದಿಂದ ಹೀಗೆ ಒಬ್ಬರಿಗೊಬ್ಬರು ಕಾಯುತ್ತ ನಡೆದಿದ್ದರೋ. ಹಾಜ್ ತಿಜಾನಿ ಕಾಫಿಯನ್ನು ತಮ್ಮನ ಕೈಗಿತ್ತರು.

ಆ ವಾರವಿಡೀ ಮನೆಯಲ್ಲೇ ಕುಳಿತ ಹಿರಿಯರನ್ನು ಒಬ್ಬೊಬ್ಬರನ್ನಾಗಿ ನಡೆಸಿದೆವು. ನಮ್ಮ ಮಹಾನ್ ವ್ಯತ್ಯಾಸ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿ, ಇದೆಯೋ ಇಲ್ಲವೋ ಎಂಬಷ್ಟಾಯಿತು. "ಎರಡು ದಿನ ಸುಮ್ಮನಿರಬಾರದಿತ್ತೇ?" ಎಂದು ನಾನು ಗೊಣಗಿದ್ದು ನಿಜ. ದಲೆಂದಾ ಜೇಬಿನಿಂದ ನನಗೊಂದಿಷ್ಟು ಕಡಲೆ ಕೊಟ್ಟರು.

ಸತ್ಯ ಹೇಳುವವರು ಲೋಕದಲ್ಲಿ ಅಪರೂಪವೇನಲ್ಲ. ಅವರಲ್ಲಿ ಅನೇಕರು ಅದನ್ನು ಕಲ್ಲಿನಂತೆ ಎಸೆದು, ಪೆಟ್ಟು ಬಿದ್ದಿತೇ ಎಂದು ನೋಡುತ್ತಾರೆ. ದಲೆಂದಾರಂಥವರ ಕುಲವೇ ಬೇರೆ. ತಾವು ಕೆಡವಿದ ಮನೆಯ ಅಂಗಳದಲ್ಲೇ ನಿಂತು, ಯಾವ ಇಟ್ಟಿಗೆ ಇನ್ನೂ ಗಟ್ಟಿಯಿದೆಯೆಂದು ತಟ್ಟಿ ನೋಡುವವರು. ಅವರಿಂದ ಸಮಾಧಾನದ ಮಾತು ಎಂದೂ ಸಿಗದು, ಆದರೆ ಅವರು ಗಟ್ಟಿಯೆಂದ ಇಟ್ಟಿಗೆಯ ಮೇಲೆ ನಿರ್ಭಯವಾಗಿ ಕಾಲಿಡಬಹುದು.

ಅಧಿಕಾರಿಣಿ ಬಂದರು. ಪ್ರೊಫೆಸರರು ಬಿಳುಚಿದ ಮುಖದಲ್ಲಿ ನಡೆದದ್ದೆಲ್ಲವನ್ನೂ ಒಪ್ಪಿಕೊಂಡರು. ಅದನ್ನು ಕೇಳಿದ ಅಧಿಕಾರಿಣಿ, ಹೊಸದಾಗಿ ಸರಿಯಾಗಿ ಅಳೆಯುವ ಷರತ್ತಿನ ಮೇಲೆ ವ್ಯಾಯಾಮಶಾಲೆಗೆ ಇನ್ನೊಂದು ವರ್ಷ ಕೊಟ್ಟರು. ಏಳುವ ಮುನ್ನ ದಲೆಂದಾರತ್ತ ತಿರುಗಿದರು.

"ಹಾಗಾದ್ರೆ ಇಷ್ಟು ದಿನ ನೀವೆಲ್ಲ ಅಳೆದಿದ್ದಾದ್ರೂ ಏನಮ್ಮ?"

ದಲೆಂದಾ ಕೋಟಿನ ಗುಂಡಿ ಬಿಚ್ಚಿದರು.

"ಮರ್ಯಾದೆ ಮೇಡಂ. ಅಳತೆ ಚೆನ್ನಾಗೇ ಬಂದಿದೆ."