ಎರಡನೇ ಮುದ್ದೆ

ಆ ಮನೆಯಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ. ಪಥ್ಯದ ಅಡುಗೆ ಆಗುತ್ತಿದ್ದುದು ಒಬ್ಬರಿಗೆ.

ಆ ಒಬ್ಬ ಚಿಕ್ಕಸ್ವಾಮಿ. ನಾಗಮಂಗಲದ ಡಾಕ್ಟರು ಅವನಿಗೆ ಬರೆದುಕೊಟ್ಟ ಊಟದ ಚೀಟಿ ಅಡುಗೆಮನೆಯ ಗೋಡೆಗೆ ಅಂಟಿಕೊಂಡು ಮೂರು ವರ್ಷವಾಗಿತ್ತು. ಹೆಂಡತಿ ಪುಟ್ಟಗೌರಮ್ಮನಿಗೆ ಓದು ಬಾರದು. ಆದರೂ ಚೀಟಿ ಅವಳಿಗೆ ಬಾಯಿಪಾಠ. ಎರಡು ಮುದ್ದೆಯ ಜಾಗದಲ್ಲಿ ಒಂದು, ಅದೂ ಒಂದು ಅಂಗೈಯಲ್ಲಿ ಕೂರುವಷ್ಟು. ಸೊಪ್ಪು ಎಷ್ಟಾದರೂ ಸರಿ. ಹುರುಳಿಯೋ ಹೆಸರೋ ಅಲಸಂದೆಯೋ, ದಿನಕ್ಕೊಂದು ಕಾಳು ಇರಲೇಬೇಕು. ಅನ್ನ ಒಂದೇ ಸೌಟು. ಹೊತ್ತು ಮೀರಬಾರದು. ಕಾಫಿಗೆ ಸಕ್ಕರೆ ನಿಲ್ಲಿಸಿದ ದಿನ ಅವನು ಬೆಲ್ಲ ಕೇಳಿದ್ದ. “ಪಾಂಡವಪುರದ ಆಲೆಮನೆ ಬೆಲ್ಲ ಕಣೆ, ಗದ್ದೆ ಮಾಲು. ಅದೆಂಗೆ ಸಕ್ಕರೆ ಆದಾತು?” ಅಂದಿದ್ದ. ಅವಳು ಅದನ್ನೂ ನಿಲ್ಲಿಸಿದಳು. ಅವನ ಸಕ್ಕರೆ ಇಳಿಯಿತು. ಚಿಕ್ಕಸ್ವಾಮಿ ಎಂಥ ಬಾಯಿಕಟ್ಟಿನ ಮನುಷ್ಯ ಎಂದು ಊರು ಹೊಗಳಿತು.

ಇನ್ನೊಬ್ಬಳು ಅವಳೇ. ಅವಳಿಗೂ ಬೆಳಗ್ಗೆ ಒಂದು ಮಾತ್ರೆ ಇತ್ತು. ಮಾತ್ರೆಯ ಹಿಂದೆ ಒಂದು ಹಿಡಿ ತಂಗಳು ಬಿಟ್ಟರೆ ಊಟ ಬರುತ್ತಿರಲಿಲ್ಲ. ಗಂಡಸರು, ಆಳುಗಳು, ಮಕ್ಕಳು ಎಲ್ಲರೂ ಉಂಡೆದ್ದ ಮೇಲೆ ಹೆಂಗಸರ ಸರದಿ. ಅಷ್ಟರಲ್ಲಿ ಸೊಪ್ಪಿನ ಪಾತ್ರೆಯ ತಳ ಕಾಣುತ್ತಿತ್ತು, ಮುದ್ದೆ ಮುಗಿದಿರುತ್ತಿತ್ತು. ಉಳಿಯುತ್ತಿದ್ದುದು ಅನ್ನ. ಅನ್ನ ಚೆಲ್ಲಬಾರದು. ಹಾಗಾಗಿ ಮೂರು ಗಂಟೆಗೆ ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು. ಎಡಗಾಲಿನ ಹೆಬ್ಬೆರಳಿನ ಹುಣ್ಣು ಆರು ತಿಂಗಳಾದರೂ ಮಾದಿರಲಿಲ್ಲ.

ಹೋದ ವರ್ಷದ ಪಿತೃಪಕ್ಷದಲ್ಲಿ ಅದು ನಡೆಯಿತು. ಸತ್ತ ಹಿರಿಯರಿಗೆ ಎಡೆ ಇಕ್ಕುವ ದಿನ. ಎಡೆ ಇಕ್ಕುವ ತನಕ ಅಡುಗೆ ಮಾಡುವವಳು ಏನನ್ನೂ ಬಾಯಿಗೆ ಹಾಕಬಾರದು ಎನ್ನುವುದು ಆ ಮನೆಯ ಕಟ್ಟಳೆ. ಏಳಕ್ಕೆ ಮಾತ್ರೆ ನುಂಗಿ ಒಲೆಯ ಮುಂದೆ ಕೂತವಳು ಮಧ್ಯಾಹ್ನ ಎಡೆಯ ಮುಂದೆ ನಿಂತಾಗ ನಡುಗತೊಡಗಿದಳು. ಬೆವರಿಗೆ ರವಿಕೆ ಒದ್ದೆ. ನಾಲಿಗೆ ತೊದಲಿತು. ಕೈ ಎತ್ತಿ ಮೂಡಲ ಮೂಲೆಯನ್ನು ತೋರಿಸಿದಳು.

“ಅವ್ವ ಬಂದವ್ಳೆ ಕಣ್ರಲಾ,” ಎಂದು ಗಂಡನ ಅಣ್ಣ ಹೊನ್ನಪ್ಪ ಅವಳ ಕಾಲಿಗೆ ಅಡ್ಡಬಿದ್ದ. ಧೂಪ ಹಾಕಿದರು. ಎಡೆಯಲ್ಲಿದ್ದ ಕಜ್ಜಾಯ ಮುರಿದು ಬಾಯಿಗಿಟ್ಟರು. ಮೂರು ಕಜ್ಜಾಯ ತಿಂದು ಕಾಲುಗಂಟೆಯಲ್ಲಿ ಅವಳು ನೆಟ್ಟಗಾದಳು. ಸತ್ತ ಅತ್ತೆಗೂ ಕಜ್ಜಾಯವೆಂದರೆ ಜೀವ. ಬೇರೆ ಸಾಕ್ಷಿ ಯಾರಿಗೆ ಬೇಕಿತ್ತು? ಬೋರಿಗೆ ಜಾಗ ಹುಡುಕುತ್ತಿದ್ದವರು ಅವಳ ಬೆರಳು ತೋರಿದ ಗೆರೆಯನ್ನೇ ಹಿಡಿದು ಗೋಡೆ ದಾಟಿ, ಹಿತ್ತಿಲು ದಾಟಿ, ಹೊಲದಲ್ಲಿ ಬೋರು ಕೊರೆಸಿದರು. ಇನ್ನೂರು ಅಡಿಗೆ ನೀರು ಬಂತು.

ಆ ಮೂಲೆಯಲ್ಲಿ ಇದ್ದುದು ಬೆಲ್ಲದ ಮಡಕೆ.

ಮುಂದಿನ ತಿಂಗಳು ಮಾತ್ರೆಗೆಂದು ನಾಗಮಂಗಲಕ್ಕೆ ಹೋದಾಗ ಅವಳು ಇದನ್ನೆಲ್ಲ ನರ್ಸು ಪುಟ್ಟಲಕ್ಷ್ಮಮ್ಮನಿಗೆ ಹೇಳಿದಳು. ನರ್ಸು ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

“ನಿಮ್ಮತ್ತೆ ಬಂದಿರ್ಲಿಲ್ಲ ಕಣಕ್ಕ, ನಿನ್ ಮೈಯಾಗಿನ ಸಕ್ಕರೆ ಓಗಿತ್ತು. ಮಾತ್ರೆ ಅದ್ನ ಇಳಿಸ್ತದೆ. ನುಂಗಿದ್ ಅರ್ಧ ಗಂಟೇಲಿ ಉಣ್ಬೇಕು. ಇನ್ನೊಂದ್ ಸಲ ಅಂಗ್ ಬಿದ್ರೆ ಎಬ್ಸಾಕೆ ಕಜ್ಜಾಯ ಸಾಲಾಕಿಲ್ಲ.”

“ಏನ್ ಉಣ್ಲಿ?”

“ನಿನ್ ಗಂಡುಂಗೆ ಏನ್ ಮಾಡಿ ಆಕ್ತೀಯೋ ಅದ್ನೆ. ಕಾಯಿಲೆ ಗಂಡ್ಸು ಎಂಗ್ಸು ಅಂತ ನೋಡ್ತದಾ?”

ಬಸ್ಸಿನಲ್ಲಿ ಬಿಂಡಿಗನವಿಲೆಯವರೆಗೂ ಆ ಮಾತು ಅವಳ ತಲೆಯಲ್ಲಿ ಕುದಿಯಿತು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಅಣ್ಣನಿಗೆ ಹೇಳಿದ. ಹೊನ್ನಪ್ಪ ಕೇಳಿಸಿಕೊಂಡು, “ನರ್ಸಮ್ಮ ಯೋಳುದ್ಲು ಅಂತ ಬೋರ್‍ನಾಗೆ ನೀರ್ ಬಂತಾ?” ಎಂದು ಎದ್ದು ಹೋದ.

ಈ ವರ್ಷ ಬೋರಿನ ನೀರು ಅರ್ಧಕ್ಕಿಳಿದಿತ್ತು. ಪಕ್ಷದ ಎಡೆಯ ಹಿಂದಿನ ದಿನದಿಂದಲೇ ಪುಟ್ಟಗೌರಮ್ಮನ ಕೈ ಒಂದು ಕಡೆ ನಿಲ್ಲಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ರಾಗಿ ಹಿಟ್ಟಿನ ಡಬ್ಬ ತೆಗೆದಳು, ಮುಚ್ಚಿದಳು. ಬೆಳಗ್ಗೆ ಎದ್ದವಳು ಹಿತ್ತಿಲಿಗೂ ಒಲೆಗೂ ಏಳೆಂಟು ಸಲ ತಿರುಗಿದಳು. ಗೂಡಿನಲ್ಲಿದ್ದ ಗಡಿಯಾರ ಆರೂವರೆ ತೋರಿಸುತ್ತಿತ್ತು.

ಹೊನ್ನಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಗೌರವ್ವ, ಇವತ್ತು ಎಡೆ ಮುಂದೆ ನೀನೇ ನಿಂತ್ಕಬೇಕು. ಎಲ್ಡನೇ ಬೋರಿನ ಪಾಯಿಂಟು ಅವ್ವನ್ನೇ ಕೇಳನ.”

ಅವಳು ಒಲೆಗೆ ಸೌದೆ ನೂಕಿದಳು. ಮಸೊಪ್ಪು ಕುದಿಯುತ್ತಿತ್ತು. ಅದು ಚಿಕ್ಕಸ್ವಾಮಿಗೆ. ಸಕ್ಕರೆ ಕಾಯಿಲೆಯವನು ಎಡೆಗೆ ಮುಂಚೆ ಉಂಡರೆ ದೋಷವಿಲ್ಲ ಎಂದು ಹೊನ್ನಪ್ಪನೇ ತೀರ್ಮಾನ ಕೊಟ್ಟಿದ್ದ. ಸತ್ತವಳು ಚಿಕ್ಕಸ್ವಾಮಿಯ ತಾಯಿ. ಉಪವಾಸ ಇರಬೇಕಾದವಳು ಸೊಸೆ.

ಹೊನ್ನಪ್ಪನ ಹೆಂಡತಿ ದ್ಯಾವಮ್ಮ ಕಾಯಿ ತುರಿಯುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು. “ಉಪಾಸ ಇರ್ಲೇಬೇಕು ಅಂದ್ರೆ ಮಾತ್ರೆನಾರ ಬುಡ್ಲಿ. ಒಂದಿನ ತಾನೆ.”

“ಬುಡಂಗಿಲ್ಲ,” ಎಂದ ಹೊನ್ನಪ್ಪ ತಟ್ಟನೆ. “ಓದ್ ವರ್ಸ ಎಂಗಿತ್ತೋ ಅಂಗೇ ನಡೀಬೇಕು. ಮಾತ್ರೆ ನುಂಗ್ಬೇಕು, ಉಣ್ಬಾರ್‍ದು.”

ಪುಟ್ಟಗೌರಮ್ಮ ಅವನ ಮುಖ ನೋಡಿದಳು. ಅವನು ಚೌಕಟ್ಟಿನ ಮೊಳೆ ನೋಡತೊಡಗಿದ. ಅಂದರೆ ಇವನಿಗೆ ಗೊತ್ತು. ನರ್ಸು ಹೇಳಿದ್ದು ಇವನಿಗೆ ಆವತ್ತೇ ಅರ್ಥವಾಗಿತ್ತು. ಬರುವುದು ಅವ್ವನಾದರೂ ಸರಿ, ಕಾಯಿಲೆಯಾದರೂ ಸರಿ; ಅವನಿಗೆ ಬೇಕಾದದ್ದು ನಡುಗುವ ಒಂದು ಬೆರಳು.

“ನಾನ್ ಮತ್ತೆ ಏಳ್ದೆ ಇದ್ರೆ?” ಎಂದು ಕೇಳಿದಳು.

“ಅವ್ವ ತನ್ ಸೊಸೆನ ಕೈ ಬುಟ್ಟಾಳಾ?”

“ಬದ್ಕಿದ್ದಾಗ ಕೈ ಇಡ್ದಿದ್ರೆ ಅಲ್ವಾ ಭಾವ, ಈಗ ಬುಡಾಕೆ.”

ಹೊನ್ನಪ್ಪ ಎಲೆ ತರಲು ಹೊರಗೆ ಹೋದ.

ಏಳು ಗಂಟೆ. ಅವಳು ಮಾತ್ರೆ ನುಂಗಿ ನೀರು ಕುಡಿದಳು. ಎಸರಿಗೆ ಹಿಟ್ಟು ಹಾಕಿ, ಮುದ್ದೆಕೋಲಿನಿಂದ ತಿರುವಿ, ಕೈಗೆ ನೀರು ಮುಟ್ಟಿಸಿ ಒಂದು ಮುದ್ದೆ ಕಟ್ಟಿದಳು. ಅಂಗೈಯಲ್ಲಿ ಕೂರುವಷ್ಟು. ಮತ್ತೆ ಕೈಗೆ ನೀರು ಮುಟ್ಟಿಸಿ ಇನ್ನೊಂದು ಕಟ್ಟಿದಳು.

“ಸೊಪ್ಪು ಇಬ್ರುಗೆ ಸಾಲಾಕಿಲ್ಲ ಕಣೆ,” ಎಂದಳು ದ್ಯಾವಮ್ಮ ಮೆಲ್ಲಗೆ.

“ಸಾಲ್ತದೆ ಅಕ್ಕ. ನೆನ್ನೇನೇ ಎಲ್ಡ್ ಕಟ್ ಸೊಪ್ಪು ಬುಡ್ಸಿ ಮಡಗಿವ್ನಿ.”

ಚಿಕ್ಕಸ್ವಾಮಿ ಬಂದು ಮಣೆಯ ಮೇಲೆ ಕೂತ. ಅವಳು ಅವನಿಗೆ ಬಡಿಸಿದಳು. ಆಮೇಲೆ ಇನ್ನೊಂದು ತಟ್ಟೆ ತೆಗೆದು ಎರಡನೇ ಮುದ್ದೆ ಇಟ್ಟು, ಸೊಪ್ಪು ಹಾಕಿಕೊಂಡು, ಅವನ ಎದುರಿಗೇ ನೆಲದಲ್ಲಿ ಕೂತಳು. ಅವನ ಕೈ ಬಾಯಿಯ ಹತ್ತಿರ ನಿಂತಿತು.

“ಗೌರಿ, ಒಂದಿನ ಕಣೆ. ಅಣ್ಣ ಬೇಜಾರ್ ಮಾಡ್ಕತಾನೆ.”

“ನಿಮ್ ತಟ್ಟೆ ಆರ್‍ತದೆ, ಉಣ್ಣಿ.”

ಹೊನ್ನಪ್ಪ ಬಾಳೆಲೆ ಹಿಡಿದು ಒಳಗೆ ಬಂದವನು ಹಾಗೇ ನಿಂತ. ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಏನವ್ವ ಇದು? ಎಡೆ ಇನ್ನೂ ಇಕ್ಕಿಲ್ಲ. ತಟ್ಟೆ ತೆಗ್ದು ಅತ್ಲಾಗ್ ಮಡುಗು.”

ಅವಳು ಮುದ್ದೆ ಮುರಿದು ಸೊಪ್ಪಿನಲ್ಲಿ ಅದ್ದಿ ನುಂಗಿದಳು. ಬಿಸಿಗೆ ಗಂಟಲು ಸುಟ್ಟಿತು. ಇನ್ನೊಂದು ತುತ್ತು ಮುರಿದಳು.

“ಹಿರೀಕರು ಉಪಾಸ ಅವ್ರೆ. ನಿಂಗೆ ಯೋಳಿದ್ದು ಕೇಳುಸ್ಲಿಲ್ವಾ? ಎದ್ದೇಳು.”

“ಕೇಳುಸ್ತು ಭಾವ. ನೀರ್ ಬೇಕು ಅಂದ್ರೆ ನೀವೇ ಉಪಾಸ ಇದ್ದು ನಿಂತ್ಕಳಿ. ನಿಮ್ಮವ್ವ ತಾನೆ. ನಾನ್ ಏಳಾಕಿಲ್ಲ.”